ನಿಮ್ಮ ಜಾಗವನ್ನು ಮಾರುತ್ತಿರುವವರು ಯಾರು?

ಕನ್ನಡದ ಸಣ್ಣ ಸುದ್ದಿ ವೆಬ್‌ಸೈಟುಗಳ ಸಂಪಾದಕರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಸಂಪಾದಕ ಮಿತ್ರರೇ,

ತಾಲ್ಲೂಕು ಕೇಂದ್ರದಲ್ಲಿ ಒಂದು ಕೋಣೆ, ಎರಡು ಕಂಪ್ಯೂಟರ್, ಒಬ್ಬರೋ ಇಬ್ಬರೋ ಹುಡುಗರನ್ನು ಇಟ್ಟುಕೊಂಡು ಸುದ್ದಿ ವೆಬ್‌ಸೈಟ್ ನಡೆಸುತ್ತಿರುವ ನಿಮ್ಮೆಲ್ಲರಿಗೆ ಈ ಪತ್ರ. ಬೆಳಗ್ಗೆ ಅಣೆಕಟ್ಟೆಯ ನೀರಿನ ಮಟ್ಟ, ಮಧ್ಯಾಹ್ನ ಅಡಿಕೆ ಧಾರಣೆ, ಸಂಜೆ ಪಟ್ಟಣ ಪಂಚಾಯಿತಿ ಸಭೆ, ರಾತ್ರಿ ಹೆದ್ದಾರಿಯ ಅಪಘಾತ. ದೊಡ್ಡ ಪತ್ರಿಕೆಗಳ ಜಿಲ್ಲಾ ಪುಟದಲ್ಲೂ ಜಾಗ ಸಿಗದ ಊರುಗಳ ಸುದ್ದಿಯನ್ನು ನೀವು ದಿನವೂ ಬರೆಯುತ್ತೀರಿ. ನಾನು ಹಲವು ವರ್ಷಗಳಿಂದ ಇಂಥ ವೆಬ್‌ಸೈಟುಗಳ ತಾಂತ್ರಿಕ ಕೆಲಸ ನೋಡಿಕೊಂಡು ಬಂದವನು. ನಿಮ್ಮ ದುಡಿಮೆ ಎಷ್ಟು, ತಿಂಗಳ ಕೊನೆಗೆ ಕೈಗೆ ಬರುವುದು ಎಷ್ಟು ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಆ ಸಣ್ಣ ಮೊತ್ತವೂ ಒಂದು ಪುಟ್ಟ ಫೈಲಿನ ತಪ್ಪಿನಿಂದ ಸೋರಿಹೋಗುವುದನ್ನು ಮತ್ತೆ ಮತ್ತೆ ನೋಡಿ, ಇನ್ನು ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳಿದರೆ ಸಾಲದು ಎನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಆ ಫೈಲಿನ ಹೆಸರು ಆ್ಯಡ್ಸ್ ಡಾಟ್ ಟಿಎಕ್ಸ್‌ಟಿ. ನಿಮ್ಮ ವೆಬ್‌ಸೈಟಿನ ವಿಳಾಸದ ಮುಂದೆ ಒಂದು ಓರೆಗೆರೆ ಹಾಕಿ ಈ ಹೆಸರು ಬರೆದರೆ ತೆರೆದುಕೊಳ್ಳುತ್ತದೆ. ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಸಾಲುಗಳು. ನಿಮ್ಮಲ್ಲಿ ಬಹಳ ಮಂದಿ ಅದನ್ನು ಒಮ್ಮೆಯೂ ತೆರೆದು ನೋಡಿರಲಾರಿರಿ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಹಾಕಿಹೋಗಿರುತ್ತಾನೆ, ಇಲ್ಲವೇ ಜಾಹೀರಾತು ಏಜೆನ್ಸಿಯವರು ಕಳಿಸಿದ್ದನ್ನು ಹಾಗೇ ಏರಿಸಿರುತ್ತೀರಿ.

ಕಳೆದ ಮಳೆಗಾಲದ ಒಂದು ರಾತ್ರಿ ಮಲೆನಾಡಿನ ಸಂಪಾದಕರೊಬ್ಬರು ಫೋನ್ ಮಾಡಿದರು. "ಸಾರ್, ಮಳೆ ಸುದ್ದಿಗೆ ಓದುಗರು ಜಾಸ್ತಿಯೇ ಆಗಿದ್ದಾರೆ. ದುಡ್ಡು ಮಾತ್ರ ಅರ್ಧಕ್ಕಿಂತ ಕೆಳಗೆ ಇಳಿದಿದೆ. ಎಲ್ಲೋ ಏನೋ ಆಗಿದೆ, ಸ್ವಲ್ಪ ನೋಡ್ತೀರಾ?" ಎಂದರು. ಮೊಬೈಲಿನಲ್ಲೇ ಅವರ ಆ್ಯಡ್ಸ್ ಫೈಲ್ ತೆರೆದೆ. ಹೆಬ್ಬೆರಳಿನಿಂದ ತಳ್ಳಿದಷ್ಟೂ ಸಾಲುಗಳು. ಎಣಿಸಿದರೆ 412. ಅವರ ಆ್ಯಡ್‌ಸೆನ್ಸ್ ಖಾತೆಯ ಸಂಖ್ಯೆ ಕೇಳಿ ಹುಡುಕಿದೆ. ಆ 412 ಸಾಲುಗಳಲ್ಲಿ ಅವರದೇ ಒಂದು ಸಾಲು ಇರಲಿಲ್ಲ!

ನಡೆದದ್ದು ಇಷ್ಟು. ಮೂರು ತಿಂಗಳ ಹಿಂದೆ ಒಂದು ಏಜೆನ್ಸಿಯವರು ಫೋನ್ ಮಾಡಿ, ನಿಮ್ಮ ಜಾಗಕ್ಕೆ ಈಗ ಬರುತ್ತಿರುವುದರ ಎರಡರಷ್ಟು ರೇಟ್ ಕೊಡಿಸುತ್ತೇವೆ ಎಂದಿದ್ದರು. ವಾಟ್ಸ್‌ಆ್ಯಪಿನಲ್ಲಿ ಒಂದು ಫೈಲ್ ಬಂತು. ಜೊತೆಗೆ, ಹಳೆಯದನ್ನು ಅಳಿಸಿ ಇದನ್ನು ಹಾಕಿ ಎಂಬ ಒಂದು ಸಾಲಿನ ಸಂದೇಶ. ಅವರು ಹೇಳಿದಂತೆಯೇ ಮಾಡಿದರು. ಎರಡು ತಿಂಗಳು ಚೂರುಪಾರು ಹಣ ಬಂತು, ಆಮೇಲೆ ಆ ಕಡೆಯವರು ಫೋನ್ ಎತ್ತಲಿಲ್ಲ. ಅವರು ಕೈಬಿಟ್ಟು ಹೋದರೂ ಅವರ ಸಾಲುಗಳು ಹಾಗೇ ಉಳಿದವು. ಸಂಪಾದಕರ ಸ್ವಂತ ಖಾತೆಯ ಒಂದೇ ಒಂದು ಸಾಲು ಹಳೆಯ ಫೈಲಿನ ಜೊತೆ ಅಳಿದುಹೋಗಿತ್ತು. ಗಳಿಕೆಗೆ ಅಪಾಯವಿದೆ ಎಂದು ಆ್ಯಡ್‌ಸೆನ್ಸ್ ಪುಟದ ಮೇಲ್ಗಡೆ ಇಂಗ್ಲಿಷಿನಲ್ಲಿ ಎಚ್ಚರಿಕೆಯೂ ಇತ್ತು. ಆದರೆ ಅವರು ಆ ಪುಟಕ್ಕೆ ಹೋಗುತ್ತಿದ್ದದ್ದೇ ತಿಂಗಳಿಗೊಮ್ಮೆ, 21ರಿಂದ 26ರೊಳಗೆ ಹಣ ಬಿಡುಗಡೆಯಾಗುವ ದಿನಗಳಲ್ಲಿ. ಮೊತ್ತ ನೋಡಿ ಮುಚ್ಚಿಬಿಡುತ್ತಿದ್ದರು.

ಆ ಖಾತೆ ಅವರಿಗೆ ಸುಮ್ಮನೆ ಬಂದದ್ದಲ್ಲ. ಅರ್ಜಿ ಹಾಕಿ, ಒಮ್ಮೆ ತಿರಸ್ಕೃತವಾಗಿ, ಮತ್ತೆ ಹಾಕಿ, ಗಳಿಕೆ 10 ಡಾಲರ್ ಮುಟ್ಟಿದ ಮೇಲೆ ಪಿನ್ ಇರುವ ಲಕೋಟೆಗಾಗಿ ವಾರಗಟ್ಟಲೆ ಪೋಸ್ಟ್‌ಮ್ಯಾನ್ ದಾರಿ ಕಾದು, 100 ಡಾಲರ್ ದಾಟಿ ಮೊದಲ ಹಣ ಬಂದ ದಿನ ಕಚೇರಿಯ ಹುಡುಗರಿಗೆ ಸಿಹಿ ಹಂಚಿದ್ದವರು ಅವರು. ನಿಮ್ಮಲ್ಲೂ ಹಲವರ ಕಥೆ ಇದೇ. ಹಾಗೆ ಸಂಪಾದಿಸಿದ ಹಕ್ಕನ್ನು ಯಾರೋ ಕಳಿಸಿದ ಫೈಲ್ ಅಳಿಸಿಹಾಕಿತು ಎಂದಾಗ ನನಗಾದ ಸಂಕಟವನ್ನು ಮುಚ್ಚಿಟ್ಟು ಬರೆಯಲಾರೆ.

ಈ ಫೈಲ್ ಏನು ಮಾಡುತ್ತದೆ ಎಂಬುದನ್ನು ಜಮೀನಿನ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಯಾರೋ ಒಬ್ಬ ಬಂದು, ಇಂಥ ಸರ್ವೆ ನಂಬರಿನ ಎರಡು ಎಕರೆ ನನ್ನ ಕೈಲಿದೆ, ಮಾರುತ್ತೇನೆ ಅಂದರೆ ನೀವು ಅಡ್ವಾನ್ಸ್ ಕೊಡುವ ಮೊದಲು ಪಹಣಿ ತೆಗೆಸುತ್ತೀರಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ, ಮಾರಲು ಬಂದವನಿಗೂ ಆ ಹೆಸರಿಗೂ ಏನು ಸಂಬಂಧ ಎಂದು ನೋಡುತ್ತೀರಿ. ಜಾಹೀರಾತಿನ ಜಾಗ ಕೊಳ್ಳುವವನಿಗೆ ಈ ಫೈಲೇ ಪಹಣಿ. ಓದುಗನೊಬ್ಬ ನಿಮ್ಮ ಪುಟ ತೆರೆದ ಕೂಡಲೇ, ಕಣ್ಣು ಮಿಟುಕಿಸುವಷ್ಟರಲ್ಲಿ, ಆ ಪುಟದ ಖಾಲಿ ಜಾಗ ಹರಾಜಿಗೆ ಹೋಗುತ್ತದೆ. ಕೊಳ್ಳುವ ಯಂತ್ರಕ್ಕೆ ಸಿಗುವ ಮಾಹಿತಿಯಲ್ಲಿ ಎರಡು ಮಾತು ಮುಖ್ಯ: ಈ ಜಾಗ ಇಂಥ ವೆಬ್‌ಸೈಟಿನದು, ಮಾರುತ್ತಿರುವುದು ಇಂಥ ಸಂಖ್ಯೆಯ ಖಾತೆ. ಆ ಖಾತೆಗೆ ಮಾರುವ ಹಕ್ಕಿದೆಯೇ ಎಂಬುದಕ್ಕೆ ಉತ್ತರ ನಿಮ್ಮ ಫೈಲಿನಲ್ಲಿರುತ್ತದೆ. ಕೊಳ್ಳುವವರ ಯಂತ್ರಗಳು ಆಗಾಗ ಬಂದು ಅದನ್ನು ಓದಿ ನೆನಪಿಟ್ಟುಕೊಂಡಿರುತ್ತವೆ. ಹೆಸರಿದ್ದರೆ ಹರಾಜು ಕೂಗುತ್ತವೆ, ಇಲ್ಲದಿದ್ದರೆ ಬಿಟ್ಟು ಹೋಗುತ್ತವೆ.

ಪಹಣಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ, ಅದರಲ್ಲೇ ಅಪಾಯವೂ ಇದೆ. ಪಹಣಿಯಲ್ಲಿ ಹೆಸರು ಸೇರಿಸಲು ತಹಶೀಲ್ದಾರರ ಕಚೇರಿ ಅಲೆಯಬೇಕು, ಮ್ಯುಟೇಷನ್ ಆಗಬೇಕು, ತಕರಾರಿಗೆ ಸಮಯ ಕೊಡಬೇಕು. ಇಲ್ಲಿ ನಿಮ್ಮ ಹೋಸ್ಟಿಂಗಿನ ಪಾಸ್‌ವರ್ಡ್ ಗೊತ್ತಿರುವ ಯಾರಾದರೂ ಎರಡು ನಿಮಿಷದಲ್ಲಿ ಯಾರ ಹೆಸರನ್ನಾದರೂ ಸೇರಿಸಬಹುದು, ಯಾರ ಹೆಸರನ್ನಾದರೂ ತೆಗೆಯಬಹುದು. ತಕರಾರು ಕೇಳುವವರು ಯಾರೂ ಇಲ್ಲ.

ಇಷ್ಟು ಸರಳವಾದ ಫೈಲ್ ಬೇಕಾಗಿ ಬಂದದ್ದು ದೊಡ್ಡ ಕಳ್ಳತನಗಳಿಂದ. 2016ರ ಡಿಸೆಂಬರಿನಲ್ಲಿ ಮೆಥ್‌ಬಾಟ್ ಎಂಬ ವಂಚನೆ ಬಯಲಾಯಿತು. ಅಮೆರಿಕದ ನ್ಯಾಯಾಂಗ ಇಲಾಖೆಯ ಪ್ರಕಾರ ಆ ಜಾಲ 1,900ಕ್ಕೂ ಹೆಚ್ಚು ಸರ್ವರುಗಳನ್ನು ಬಾಡಿಗೆಗೆ ಹಿಡಿದು, 5,000ಕ್ಕೂ ಹೆಚ್ಚು ವೆಬ್‌ಸೈಟುಗಳ ಹೆಸರನ್ನು ಕದ್ದು ನಕಲಿ ಪುಟಗಳನ್ನು ಸೃಷ್ಟಿಸಿತ್ತು. ಆ ಪುಟಗಳನ್ನು ಓದುತ್ತಿದ್ದದ್ದೂ ಯಂತ್ರಗಳೇ. ಜಾಹೀರಾತು ಕೊಟ್ಟವರು ಹೆಸರಾಂತ ಪತ್ರಿಕೆಯ ಪುಟದಲ್ಲಿ ತಮ್ಮ ಜಾಹೀರಾತು ಬಂದಿದೆ ಎಂದುಕೊಂಡು ಹಣ ತೆತ್ತರು. ಅದರ ಹಿಂದಿದ್ದ ಅಲೆಕ್ಸಾಂಡರ್ ಝುಕೋವ್ ಎಂಬಾತನಿಗೆ 2021ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಫೆಡರಲ್ ನ್ಯಾಯಾಲಯ 10 ವರ್ಷ ಜೈಲು ವಿಧಿಸಿತು. ಆ ಪತ್ರಿಕೆಗಳ ಹೆಸರಿನಲ್ಲಿ ಮಾರಾಟವಾದ ಹಣದಲ್ಲಿ ಒಂದು ಬಿಡಿಗಾಸೂ ಪತ್ರಿಕೆಗಳಿಗೆ ಸೇರಿರಲಿಲ್ಲ.

ಇದನ್ನು ತಡೆಯಲೆಂದು ಐಎಬಿ ಟೆಕ್ ಲ್ಯಾಬ್ ಎಂಬ ಸಂಸ್ಥೆ 2017ರಲ್ಲಿ ಈ ಫೈಲಿನ ಪದ್ಧತಿ ತಂದಿತು. ಅದೇ ವರ್ಷ ಲಂಡನ್ನಿನ ಫೈನಾನ್ಶಿಯಲ್ ಟೈಮ್ಸ್ ತನ್ನ ಹೆಸರಿನಲ್ಲಿ ಎಲ್ಲೆಲ್ಲಿ ಜಾಗ ಮಾರಾಟವಾಗುತ್ತಿದೆ ಎಂದು ಹುಡುಕಿಸಿತು. 10 ಜಾಹೀರಾತು ಮಾರುಕಟ್ಟೆಗಳಲ್ಲಿ ಅದರ ಹೆಸರಿನ ನಕಲಿ ಜಾಗ ಸಿಕ್ಕಿತು. ವಿಡಿಯೊ ಜಾಹೀರಾತನ್ನು ಹೀಗೆ ಹರಾಜಿಗೆ ಬಿಡುವ ಪದ್ಧತಿಯೇ ಆ ಪತ್ರಿಕೆಗೆ ಇರಲಿಲ್ಲ. ಆದರೂ ಅದರ ವಿಡಿಯೊ ಜಾಗ ಎಂದು 15 ಕಡೆ ಮಾರಾಟ ನಡೆದಿತ್ತು. ತಿಂಗಳಿಗೆ ಸುಮಾರು 10 ಲಕ್ಷ ಪೌಂಡಿನ ನಕಲಿ ವ್ಯಾಪಾರ ಎಂದು ಪತ್ರಿಕೆ ಅಂದಾಜು ಮಾಡಿತು. 2017ರ ಅಂತ್ಯದ ಹೊತ್ತಿಗೆ ಗೂಗಲ್‌ನ ಜಾಹೀರಾತು ಖರೀದಿ ವ್ಯವಸ್ಥೆಯೂ, ಫೈಲ್ ಇರುವ ವೆಬ್‌ಸೈಟುಗಳಲ್ಲಿ ಅದರಲ್ಲಿ ಹೆಸರಿಲ್ಲದವರಿಂದ ಜಾಗ ಕೊಳ್ಳುವುದನ್ನು ನಿಲ್ಲಿಸತೊಡಗಿತು. ನಿಮ್ಮ ತಾಲ್ಲೂಕಿನ ಕೋಣೆಗೂ ಆ ಲಂಡನ್ ಪತ್ರಿಕೆಗೂ ನಿಯಮ ಒಂದೇ. ಅದು ನಿಮಗೆ ಸಿಕ್ಕ ರಕ್ಷಣೆ, ಆದರೆ ನೀವು ಸರಿಯಾಗಿ ಬರೆದಿದ್ದರೆ ಮಾತ್ರ.

ಇಲ್ಲಿ ಒಂದು ಮಾತನ್ನು ನಿಧಾನವಾಗಿ ಹೇಳಬೇಕು, ಏಕೆಂದರೆ ಇದನ್ನು ಕೇಳಿದವರೆಲ್ಲ ಒಮ್ಮೆ ಬೆಚ್ಚಿಬೀಳುತ್ತಾರೆ. ಫೈಲೇ ಇಲ್ಲದಿದ್ದರೆ ಕೊಳ್ಳುವ ಯಂತ್ರ, ಈ ವೆಬ್‌ಸೈಟಿನವರು ಯಾರ ಮೇಲೂ ನಿರ್ಬಂಧ ಹೇರಿಲ್ಲ ಎಂದುಕೊಳ್ಳುತ್ತದೆ. ಕೆಲವರು ಕೊಳ್ಳುವುದಿಲ್ಲ, ಕೆಲವರು ಕೊಳ್ಳುತ್ತಾರೆ. ಫೈಲ್ ಇದ್ದು ಅದರಲ್ಲಿ ನಿಮ್ಮ ಖಾತೆಯ ಸಾಲು ಇಲ್ಲದಿದ್ದರೆ, ಅಥವಾ ಆ ಸಾಲಿನಲ್ಲಿ ಒಂದು ಅಂಕಿ ತಪ್ಪಿದ್ದರೆ, ನಿಮ್ಮ ಜಾಗವನ್ನು ಮಾರಲು ನಿಮಗೇ ಹಕ್ಕಿಲ್ಲ ಎಂದು ನೀವೇ ಬರೆದುಕೊಟ್ಟಂತೆ. ಹಾಗಾಗಿ ತಪ್ಪು ಫೈಲ್, ಇಲ್ಲದ ಫೈಲಿಗಿಂತ ಕೆಟ್ಟದ್ದು. ಆ ಮಲೆನಾಡಿನ ಗೆಳೆಯರಿಗೆ ಆದದ್ದು ಇದೇ. ಪುಟ ಎಂದಿನಂತೆ ತೆರೆಯುತ್ತಿತ್ತು, ಓದುಗರು ಬರುತ್ತಿದ್ದರು, ನಡುವೆ ಒಂದೆರಡು ಜಾಹೀರಾತೂ ಕಾಣುತ್ತಿತ್ತು. ಏನೂ ಕೆಟ್ಟಂತೆ ಕಾಣಲೇ ಇಲ್ಲ.

ಒಂದು ಸಾಲು ಹೇಗಿರುತ್ತದೆ ಎಂದು ಹೇಳುತ್ತೇನೆ. ಅಲ್ಪವಿರಾಮಗಳಿಂದ ಬೇರ್ಪಡಿಸಿದ ನಾಲ್ಕು ಭಾಗ. ಮೊದಲನೆಯದು ಜಾಹೀರಾತು ಸಂಸ್ಥೆಯ ವೆಬ್ ವಿಳಾಸ. ಆ್ಯಡ್‌ಸೆನ್ಸ್‌ಗಾದರೆ ಗೂಗಲ್ ಡಾಟ್ ಕಾಮ್. ಎರಡನೆಯದು ಅಲ್ಲಿ ನಿಮಗಿರುವ ಖಾತೆಯ ಗುರುತು. ಮೂರನೆಯದು ಡೈರೆಕ್ಟ್ ಅಥವಾ ರೀಸೆಲ್ಲರ್ ಎಂಬ ಎರಡರಲ್ಲಿ ಒಂದು ಪದ. ನಾಲ್ಕನೆಯದು ಆ ಸಂಸ್ಥೆಗೆ ಪ್ರಮಾಣೀಕರಣ ಮಂಡಳಿ ಕೊಟ್ಟಿರುವ ಗುರುತು, ಅದು ಕಡ್ಡಾಯವಲ್ಲ. ಗೂಗಲ್‌ನ ಸಾಲಿನಲ್ಲಿ ಎಫ್08ಸಿ47 ಎಂದು ಶುರುವಾಗುವ 16 ಅಕ್ಷರ-ಅಂಕಿಗಳು ಕಾಣುತ್ತವಲ್ಲ, ಅದೇ ಇದು. ಜಗತ್ತಿನ ಎಲ್ಲ ವೆಬ್‌ಸೈಟುಗಳ ಗೂಗಲ್ ಸಾಲಿನಲ್ಲೂ ಒಂದೇ ಆಗಿರುತ್ತದೆ. ಇದು ಬೇರೆಯವರ ನಂಬರ್ ಇರಬೇಕು ಎಂದು ಅದನ್ನು ಬದಲಿಸಿದವರನ್ನು ಕಂಡಿದ್ದೇನೆ. ಅದನ್ನು ಮುಟ್ಟಬೇಡಿ. ನಿಮ್ಮದು ಎರಡನೆಯ ಭಾಗ.

ಆ ಎರಡನೆಯ ಭಾಗದಲ್ಲೇ ಅತಿ ಹೆಚ್ಚು ತಪ್ಪು ಆಗುವುದು. ನಿಮ್ಮ ಪುಟದಲ್ಲಿ ಹಾಕಿರುವ ಆ್ಯಡ್‌ಸೆನ್ಸ್ ಕೋಡಿನಲ್ಲಿ ಸಂಖ್ಯೆಯ ಹಿಂದೆ ಸಿಎ-ಪಬ್ ಎಂದಿರುತ್ತದೆ. ಫೈಲಿನಲ್ಲಿ ಬರೀ ಪಬ್ ಎಂದಿರಬೇಕು, ಒಂದು ಅಡ್ಡಗೆರೆ, ಆಮೇಲೆ 16 ಅಂಕಿ. ಕೋಡಿನಿಂದ ನಕಲು ಮಾಡಿ ಅಂಟಿಸಿದವರ ಸಾಲಿನಲ್ಲಿ ಆ ಎರಡಕ್ಷರ ಮುಂದೆ ಉಳಿದುಬಿಡುತ್ತದೆ, ಸಾಲು ನಿಷ್ಪ್ರಯೋಜಕವಾಗುತ್ತದೆ. ನಾನೂ ಹಿಂದೊಮ್ಮೆ ಒಂದು ವೆಬ್‌ಸೈಟಿಗೆ ಹೀಗೆಯೇ ಹಾಕಿಕೊಟ್ಟಿದ್ದೆ. ಆರು ವಾರ ಅವರ ಗಳಿಕೆಗೆ ಪೆಟ್ಟು ಬಿತ್ತು. ಆ ಮೇಲೆ ಇವತ್ತಿನವರೆಗೂ ಆ 16 ಅಂಕಿಗಳನ್ನು ನಾಲ್ಕು ನಾಲ್ಕಾಗಿ ಒಡೆದು, ಗಟ್ಟಿಯಾಗಿ ಓದಿ ಒಪ್ಪಿಸಿ ನೋಡದೆ ಯಾವ ಫೈಲನ್ನೂ ಏರಿಸಿಲ್ಲ.

ಕನ್ನಡದಲ್ಲಿ ಬರೆಯುವವರಿಗೇ ಬರುವ ಒಂದು ತೊಂದರೆಯೂ ಇದೆ. ದಿನವಿಡೀ ಕನ್ನಡ ಕೀಲಿಮಣೆಯಲ್ಲಿ ಟೈಪ್ ಮಾಡುತ್ತಿರುತ್ತೀರಿ; ಅದನ್ನು ಇಂಗ್ಲಿಷಿಗೆ ಬದಲಿಸದೆಯೇ ಈ ಫೈಲಿಗೆ ಕೈಹಾಕಿದರೆ ಕೆಲವು ಕೀಲಿಮಣೆಗಳಲ್ಲಿ ಇಂಗ್ಲಿಷ್ ಸೊನ್ನೆಯ ಬದಲು ಕನ್ನಡದ ಸೊನ್ನೆ ಬೀಳುತ್ತದೆ. ಕಣ್ಣಿಗೆ ಎರಡೂ ಒಂದೇ ದುಂಡು, ಯಂತ್ರಕ್ಕೆ ಬೇರೆ ಬೇರೆ. ಇನ್ನೊಂದು, ಒತ್ತಕ್ಷರ ಆಗದಂತೆ ಎರಡು ಅಕ್ಷರಗಳನ್ನು ಬಿಡಿಸಿ ಬರೆಯಲು ನಾವು ಬಳಸುವ, ಕಣ್ಣಿಗೆ ಕಾಣದ ಅಕ್ಷರ. ಅದು ನಿಮ್ಮ ಖಾತೆಯ ಸಂಖ್ಯೆಯ ನಡುವೆ ಸೇರಿಕೊಂಡರೆ ಸಾಲು ಕೆಟ್ಟಿರುತ್ತದೆ, ಆದರೆ ಎಷ್ಟು ದಿಟ್ಟಿಸಿದರೂ ತಪ್ಪು ಕಾಣುವುದಿಲ್ಲ. ವರ್ಡ್‌ನಲ್ಲಿ ಬರೆದು ಅಲ್ಲಿಂದ ತಂದರೆ ನೇರ ಉದ್ಧರಣ ಚಿಹ್ನೆ ಬಾಗಿದ ಚಿಹ್ನೆಯಾಗುತ್ತದೆ, ಪದಗಳ ನಡುವಿನ ತೆರವು ಬೇರೊಂದು ಬಗೆಯ ತೆರವಾಗುತ್ತದೆ. ಆದ್ದರಿಂದ ನೋಟ್‌ಪ್ಯಾಡಿನಂಥ ಬರಿಯ ಬರಹದ ಸಾಧನವನ್ನೇ ಬಳಸಿ, ಕೀಲಿಮಣೆ ಇಂಗ್ಲಿಷಿನಲ್ಲಿರಲಿ. ಅನುಮಾನವಿದ್ದರೆ ಇಡೀ ಸಾಲನ್ನು ಅಳಿಸಿ, ಆ್ಯಡ್‌ಸೆನ್ಸ್ ಪುಟದಲ್ಲಿ ಕೊಟ್ಟಿರುವ ಸಾಲನ್ನೇ ನೇರವಾಗಿ ತಂದು ಅಂಟಿಸಿ. ವಾಟ್ಸ್‌ಆ್ಯಪ್ ದಾರಿಯಾಗಿ ತರಿಸಿಕೊಳ್ಳಬೇಡಿ.

ಸಾಲು ಸರಿಯಿದ್ದೂ ಫೈಲ್ ತಪ್ಪು ಜಾಗದಲ್ಲಿದ್ದರೆ ಏನೂ ಆಗದು. ವರ್ಡ್‌ಪ್ರೆಸ್ ಬಳಸುವವರು ಸುದ್ದಿಯ ಫೋಟೊ ಏರಿಸುವ ಮೀಡಿಯಾ ಲೈಬ್ರರಿಗೇ ಈ ಫೈಲನ್ನೂ ಏರಿಸುತ್ತಾರೆ. ಅದು ಅಪ್‌ಲೋಡ್ಸ್ ಎಂಬ ಫೋಲ್ಡರಿನೊಳಗೆ, ವರ್ಷ ಮತ್ತು ತಿಂಗಳ ಹೆಸರಿನ ಒಳಫೋಲ್ಡರಿಗೆ ಹೋಗಿ ಕೂರುತ್ತದೆ. ಯಂತ್ರ ಅಲ್ಲಿಗೆ ಬಂದು ಹುಡುಕುವುದಿಲ್ಲ. ವೆಬ್‌ಸೈಟಿನ ಮೂಲ ಫೋಲ್ಡರಿನಲ್ಲೇ ಇರಬೇಕು. ವಿಂಡೋಸ್ ಕಂಪ್ಯೂಟರಿನಲ್ಲಿ ಫೈಲಿನ ಬಾಲದ ಹೆಸರು ಅಡಗಿರುತ್ತದೆ. ಹೆಸರು ಬದಲಿಸುವಾಗ ನೀವು ಟಿಎಕ್ಸ್‌ಟಿ ಎಂದೂ ಸೇರಿಸಿದರೆ ಬಾಲ ಎರಡು ಸಲ ಬಂದುಬಿಡುತ್ತದೆ. ಪರದೆಯ ಮೇಲೆ ಮಾತ್ರ ಒಂದೇ ಕಾಣುತ್ತಿರುತ್ತದೆ. ಬಹುವಚನದ ಎಸ್ ಬಿಟ್ಟು ಆ್ಯಡ್ ಎಂದಷ್ಟೇ ಬರೆದ ಫೈಲುಗಳೂ ಸಿಕ್ಕಿವೆ. ಬ್ಲಾಗರ್ ಬಳಸುವವರಿಗೆ ಈ ತಾಪತ್ರಯವಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಇದಕ್ಕೆಂದೇ ಜಾಗವಿದೆ, ಅಲ್ಲಿ ಆನ್ ಮಾಡಿ ಸಾಲುಗಳನ್ನು ಅಂಟಿಸಿದರೆ ಮುಗಿಯಿತು.

ಇದಕ್ಕಿಂತ ಹೆಚ್ಚು ಕಾಡುವುದು, ನಿಮಗೆ ಕಾಣುವ ಫೈಲ್ ಯಂತ್ರಕ್ಕೆ ಕಾಣದಿರುವುದು. ಹ್ಯಾಕರ್‌ಗಳ ಕಾಟ ತಡೆಯಲು ಹಾಕಿಸಿಕೊಂಡ ಭದ್ರತಾ ವ್ಯವಸ್ಥೆ, ನೀವು ಮನುಷ್ಯರೇ ಎಂದು ಕೇಳುವ ಪರೀಕ್ಷೆಯನ್ನು ಈ ಫೈಲ್ ಓದಲು ಬಂದ ಯಂತ್ರಕ್ಕೂ ಒಡ್ಡುತ್ತದೆ. ಅದು ಬರಿಗೈಯಲ್ಲಿ ವಾಪಸ್ ಹೋಗುತ್ತದೆ. ಕೆಲವು ಥೀಮುಗಳು ಸಿಗದ ಪುಟಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸುತ್ತವೆ. ಆಗ ಫೈಲ್ ಕೇಳಿದ ಯಂತ್ರಕ್ಕೆ ನಿಮ್ಮ ಅಡಿಕೆ ಧಾರಣೆ ಓದಲು ಸಿಗುತ್ತದೆ. ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ವಿಳಾಸದಲ್ಲಿ ತೆರೆದು, ಇಲ್ಲದ ವಿಳಾಸದಲ್ಲಿ ತೆರೆಯದಿರುವುದೂ ಉಂಟು. ಆದ್ದರಿಂದ ಎರಡೂ ಬಗೆಯಲ್ಲಿ, ನಿಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ಅಲ್ಲದೆ ಲಾಗಿನ್ ಆಗಿರದ ಬೇರೆಯವರ ಮೊಬೈಲಿನಲ್ಲೂ ತೆರೆದು ನೋಡಿ. ಇ-ಪೇಪರಿಗೆಂದು ಪ್ರತ್ಯೇಕ ಸಬ್‌ಡೊಮೈನ್ ಇಟ್ಟುಕೊಂಡವರು ಇನ್ನೊಂದು ವಿಷಯ ತಿಳಿದಿರಬೇಕು: ಸಬ್‌ಡೊಮೈನಿನಲ್ಲಿ ಬೇರೆ ಫೈಲ್ ಇಟ್ಟರೆ ಸಾಲದು. ಅಲ್ಲೊಂದು ಫೈಲ್ ಇದೆ ಎಂದು ಮೂಲ ವೆಬ್‌ಸೈಟಿನ ಫೈಲ್ ಹೆಸರಿಸಿ ಹೇಳಿರಬೇಕು. ಇಲ್ಲವಾದರೆ ಮೂಲ ಫೈಲಿಗೇ ಬೆಲೆ.

ಈಗ ಏಜೆನ್ಸಿಗಳ ಮಾತು. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ; ಮಂಡಿಯಲ್ಲಿ ಒಳ್ಳೆಯ ಕಮಿಷನ್ ಏಜೆಂಟರು ಇರುವಂತೆ ಇಲ್ಲೂ ಇದ್ದಾರೆ. ಸಣ್ಣ ವೆಬ್‌ಸೈಟಿಗೆ ತಾನಾಗಿ ಸಿಗದ ದೊಡ್ಡ ಖರೀದಿದಾರರನ್ನು ಅವರು ತರಬಲ್ಲರು. ಆದರೆ ಅವರು ಕಳಿಸಿದ ಪ್ರತಿ ಸಾಲಿನ ಅರ್ಥ ಕೇಳುವ ಹಕ್ಕು ನಿಮಗಿದೆ. ಮೂರನೆಯ ಭಾಗದ ಡೈರೆಕ್ಟ್ ಎಂಬ ಪದಕ್ಕೆ ಅರ್ಥ, ಆ ಖಾತೆ ನಿಮ್ಮದೇ, ಆ ಜಾಹೀರಾತು ಸಂಸ್ಥೆಯ ಜೊತೆ ನೇರ ಒಪ್ಪಂದ ನಿಮಗೇ ಇದೆ ಎಂದು. ನಿಮ್ಮ ಪರವಾಗಿ ಬೇರೆಯವರು ಅವರ ಖಾತೆಯಿಂದ ಮಾರುತ್ತಿದ್ದರೆ ಅದು ರೀಸೆಲ್ಲರ್. ನೀವು ಕಂಡು ಕೇಳರಿಯದ ಖಾತೆಯ ಮುಂದೆ ಡೈರೆಕ್ಟ್ ಎಂದು ಬರೆದಿದ್ದರೆ ಅದು ಸುಳ್ಳು ಹೇಳಿಕೆ, ಮತ್ತು ಆ ಹೇಳಿಕೆ ನಿಮ್ಮ ಹೆಸರಿನಲ್ಲಿದೆ.

2022ರಲ್ಲಿ ಈ ಪದ್ಧತಿಗೆ ಎರಡು ಹೊಸ ಸಾಲುಗಳು ಸೇರಿದವು. ಓನರ್‌ಡೊಮೈನ್ ಎಂಬುದು ಈ ವೆಬ್‌ಸೈಟಿನ ಒಡೆತನ ಯಾರದೆಂದು ಹೇಳುತ್ತದೆ, ಮ್ಯಾನೇಜರ್‌ಡೊಮೈನ್ ಎಂಬುದು ಜಾಹೀರಾತು ಮಾರಾಟದ ಹೊಣೆ ಯಾರ ಕೈಯಲ್ಲಿದೆ ಎಂದು. ಓನರ್ ಸಾಲಿನಲ್ಲಿ ನಿಮ್ಮದೇ ವಿಳಾಸವಿರಬೇಕು. ಏಜೆನ್ಸಿಯ ವಿಳಾಸ ಅಲ್ಲಿ ಕಂಡರೆ ಅವತ್ತೇ ತೆಗೆಸಿ. ಬಿಟ್ಟುಹೋದ ಏಜೆನ್ಸಿಯ ಹೆಸರು ಮ್ಯಾನೇಜರ್ ಸಾಲಿನಲ್ಲಿ ಉಳಿದಿದ್ದರೆ, ನಿಮ್ಮ ವ್ಯವಹಾರ ಈಗಲೂ ಅವರೇ ನೋಡಿಕೊಳ್ಳುತ್ತಿದ್ದಾರೆ ಎಂದು ಜಗತ್ತಿಗೆಲ್ಲ ಹೇಳುತ್ತಿದ್ದೀರಿ ಎಂದಾಯಿತು.

ಹೆಚ್ಚು ಸಾಲುಗಳಿದ್ದರೆ ಹೆಚ್ಚು ಕೊಳ್ಳುವವರು ಬರುತ್ತಾರೆ ಎಂಬ ನಂಬಿಕೆ ನಿಮ್ಮಲ್ಲಿ ಹಲವರಿಗಿದೆ. ಪಕ್ಕದ ಜಿಲ್ಲೆಯ ದೊಡ್ಡ ಪೋರ್ಟಲಿನ ಫೈಲನ್ನು ಇಡಿಯಾಗಿ ನಕಲಿಸಿ ಹಾಕಿಕೊಂಡವರೂ ಇದ್ದಾರೆ. ಅದರಿಂದ ಆ ಖಾತೆಗಳ ಹಣ ನಿಮಗೆ ಬರುವುದಿಲ್ಲ; ನಿಮ್ಮ ಹೆಸರಿನಲ್ಲಿ ಮಾರುವ ಹಕ್ಕು ಮಾತ್ರ ಅವರಿಗೆಲ್ಲ ಸಿಗುತ್ತದೆ. 2020ರಲ್ಲಿ 404ಬಾಟ್ ಎಂಬ ವಂಚನೆಯನ್ನು ಇಂಟೆಗ್ರಲ್ ಆ್ಯಡ್ ಸೈನ್ಸ್ ಎಂಬ ಸಂಸ್ಥೆ ಬಯಲಿಗೆ ತಂದಿತು. ಕಳ್ಳರು ಹೊಕ್ಕಿದ್ದು ಇದೇ ಬಾಗಿಲಿನಿಂದ. ಯಾರೂ ಪರಿಶೀಲಿಸದೆ ಬಿಟ್ಟ, ರೀಸೆಲ್ಲರ್‌ಗಳಿಂದ ತುಂಬಿಹೋದ ಉದ್ದುದ್ದ ಫೈಲುಗಳಿರುವ ವೆಬ್‌ಸೈಟುಗಳನ್ನು ಹಿಡಿದು, ಅವುಗಳಲ್ಲಿ ಇಲ್ಲವೇ ಇಲ್ಲದ ಪುಟಗಳ ವಿಳಾಸ ಕಟ್ಟಿ ಜಾಹೀರಾತು ಮಾರಿದರು. ಕನಿಷ್ಠ ಒಂದೂವರೆ ಕೋಟಿ ಡಾಲರ್ ಹೀಗೆ ಹೋಯಿತೆಂಬ ಅಂದಾಜಿದೆ. ತಡೆಯಲೆಂದೇ ಮಾಡಿದ ಪಟ್ಟಿಯಲ್ಲಿ ಹೆಸರುಗಳು ತುಂಬಿತುಳುಕಿದ್ದರಿಂದ ಅದೇ ಅವರಿಗೆ ಮರೆಯಾಯಿತು.

ಸಾಲು ಯಾರದೆಂದು ಪತ್ತೆ ಹಚ್ಚಲು ಒಂದು ದಾರಿ ಇದೆ. 2019ರಲ್ಲಿ ಸೆಲ್ಲರ್ಸ್ ಡಾಟ್ ಜೇಸನ್ ಎಂಬ ಇನ್ನೊಂದು ಪಟ್ಟಿ ಬಂತು. ಅದನ್ನು ಪ್ರಕಟಿಸುವುದು ನೀವಲ್ಲ, ಜಾಹೀರಾತು ಸಂಸ್ಥೆಗಳು: ನಮ್ಮಲ್ಲಿ ಇಂಥ ಸಂಖ್ಯೆಯ ಖಾತೆ ಇಂಥವರದು ಎಂದು. ನಿಮ್ಮ ಫೈಲಿನ ಅಪರಿಚಿತ ಸಂಖ್ಯೆಯನ್ನು ಆ ಸಂಸ್ಥೆಯ ಪಟ್ಟಿಯಲ್ಲಿ ಹುಡುಕಿದರೆ ಹೆಸರು ಸಿಗಬಹುದು. ಸಂಖ್ಯೆಯೇ ಸಿಗದಿದ್ದರೆ ಆ ಸಾಲು ಇಟ್ಟುಕೊಳ್ಳಲು ಕಾರಣವಿಲ್ಲ. ನಿಮ್ಮ ಆ್ಯಡ್‌ಸೆನ್ಸ್ ಖಾತೆಯಲ್ಲೂ ಈ ಮಾಹಿತಿ ಬಹಿರಂಗವೋ ಗುಪ್ತವೋ ಎಂಬ ಆಯ್ಕೆ ಇದೆ. ಬಹಿರಂಗವಾಗಿಟ್ಟರೆ ಕೊಳ್ಳುವವರಿಗೆ ನಂಬಿಕೆ ಹೆಚ್ಚು. ಆದರೆ ಖಾತೆ ಸ್ವಂತ ಹೆಸರಿನಲ್ಲಿದ್ದರೆ ನಿಮ್ಮ ಹೆಸರು ಎಲ್ಲರಿಗೂ ಕಾಣುತ್ತದೆ. ಅದನ್ನು ತಿಳಿದು ನಿರ್ಧರಿಸಿ. ಸ್ವಂತ ಆ್ಯಪ್ ಇರುವವರಿಗೆ ಆ್ಯಪ್-ಆ್ಯಡ್ಸ್ ಎಂಬ ಬೇರೆ ಫೈಲೇ ಬೇಕು, ಪ್ಲೇಸ್ಟೋರಿನಲ್ಲಿ ನೀವು ನಮೂದಿಸಿದ ವೆಬ್‌ಸೈಟಿನಲ್ಲಿ ಅದು ಇರಬೇಕು.

ತಿದ್ದಿದ ಮೇಲೆ ತಾಳ್ಮೆ ಬೇಕು. ಯಂತ್ರಗಳು ಮತ್ತೆ ಬಂದು ಓದುವವರೆಗೆ ಹಳೆಯದೇ ಅವುಗಳ ನೆನಪಿನಲ್ಲಿರುತ್ತದೆ. ಬದಲಾವಣೆ ಕಾಣಲು ಕೆಲವು ದಿನ ಹಿಡಿಯುತ್ತದೆ, ಓಡಾಟ ಕಡಿಮೆ ಇರುವ ವೆಬ್‌ಸೈಟಿಗೆ ಒಂದು ತಿಂಗಳವರೆಗೂ ಆಗಬಹುದು ಎಂದು ಗೂಗಲ್ ಹೇಳುತ್ತದೆ. ಇದು ಗೊತ್ತಿಲ್ಲದೆ ಮೂರನೇ ದಿನಕ್ಕೇ ಗಾಬರಿಯಾಗಿ ಸರಿಯಿದ್ದ ಸಾಲನ್ನು ಮತ್ತೆ ಕೆಡಿಸಿಕೊಂಡವರಿದ್ದಾರೆ.

ಆ ರಾತ್ರಿ ಮಲೆನಾಡಿನ ಗೆಳೆಯರೂ ನಾನೂ ಫೋನ್ ಇಡದೆ ಕೂತು 412 ಸಾಲುಗಳನ್ನೂ ಒಂದೊಂದಾಗಿ ನೋಡಿದೆವು. ಹೊರಗೆ ಮಳೆ ಎಂದು ಅವರು, ಇಲ್ಲಿ ಕರೆಂಟಿಲ್ಲ ಎಂದು ನಾನು. ಮೊದಲು ಹಳೆಯ ಫೈಲಿನ ಒಂದು ಪ್ರತಿ ತೆಗೆದಿಟ್ಟೆವು; ತಪ್ಪಿ ಏನಾದರೂ ಅಳಿಸಿದರೆ ಬೇಕಾಗುತ್ತದೆ. ಈ ಹೆಸರು ಕೇಳಿದ್ದೀರಾ, ಇವರಿಂದ ಎಂದಾದರೂ ಹಣ ಬಂದಿದೆಯಾ, ಇವರ ಒಪ್ಪಂದದ ಕಾಗದ ನಿಮ್ಮ ಬಳಿ ಇದೆಯಾ ಎಂದು ನಾನು ಕೇಳುತ್ತಾ ಹೋದೆ. ಇಲ್ಲ, ಇಲ್ಲ, ಇಲ್ಲ ಎಂದು ಅವರು ಹೇಳುತ್ತಾ ಹೋದರು. ಎರಡು ಗಂಟೆಯ ಹೊತ್ತಿಗೆ ಫೈಲಿನಲ್ಲಿದ್ದದ್ದು ಮೂರು ಸಾಲು. ಹೊಸದಾಗಿ ಸೇರಿಸಿದ ಮೊದಲ ಸಾಲು ಅವರದು. ಒಂದೊಂದರ ಮೇಲೂ ಹ್ಯಾಷ್ ಗುರುತು ಹಾಕಿ, ಯಾವ ತಾರೀಕಿಗೆ ಯಾರ ಮಾತಿನ ಮೇಲೆ ಸೇರಿಸಿದ್ದು ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರು. ಹ್ಯಾಷ್ ನಂತರದ್ದನ್ನು ಯಂತ್ರ ಓದುವುದಿಲ್ಲ, ಅದು ಮುಂದೆ ಫೈಲ್ ತೆರೆಯುವ ಮನುಷ್ಯರಿಗೆ. ಮೂರು ವಾರ ಕಳೆದ ಮೇಲೆ ಎಚ್ಚರಿಕೆಯ ಸಂದೇಶ ಹೋಯಿತು. ಗಳಿಕೆ ಮಳೆಗಾಲದ ಹಿಂದಿನ ಮಟ್ಟಕ್ಕೆ ಬರಲು ಇನ್ನೂ ಒಂದು ತಿಂಗಳು ಹಿಡಿಯಿತು. ಕಳೆದುಹೋದ ನಾಲ್ಕು ತಿಂಗಳ ಹಣವನ್ನು ಯಾರೂ ವಾಪಸ್ ಕೊಡಲಿಲ್ಲ. ಅವರಲ್ಲಿ ವರದಿ ಮಾಡುತ್ತಿದ್ದ ಒಬ್ಬ ಹುಡುಗ ಆ ನಡುವೆ ಸಂಬಳ ಸಾಲದೆ ಬೆಂಗಳೂರಿಗೆ ಹೋಗಿದ್ದ. ಅವನು ಬರೆಯುತ್ತಿದ್ದ ಹೋಬಳಿಯ ಸುದ್ದಿ ಈಗಲೂ ಸರಿಯಾಗಿ ಬರುತ್ತಿಲ್ಲ.

ಇವತ್ತು ರಾತ್ರಿ ಕೊನೆಯ ಸುದ್ದಿ ಹಾಕಿದ ಮೇಲೆ, ಕಂಪ್ಯೂಟರ್ ಆರಿಸುವ ಮೊದಲು, ನಿಮ್ಮ ಫೈಲನ್ನು ಒಮ್ಮೆ ತೆರೆಯಿರಿ. ನಿಮ್ಮ 16 ಅಂಕಿಗಳು ಅಲ್ಲಿ ಇವೆಯೇ ನೋಡಿ.

ಇಂತಿ,
ನಿಮ್ಮಂಥವರ ವೆಬ್‌ಸೈಟುಗಳ ತಾಂತ್ರಿಕ ಕೆಲಸ ನೋಡಿಕೊಳ್ಳುವ ಒಬ್ಬ ಗೆಳೆಯ